ಸೋಮವಾರದ ಮಾತ್ರೆ

ನಿವೃತ್ತಿಯ ದಿನ ನನಗೆ ಹೊದಿಸಿದ ಶಾಲು ಇನ್ನೂ ಅದರ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಅವತ್ತು ಮೈಕ್ ಹಿಡಿದವರೆಲ್ಲ ನನ್ನನ್ನು ತಾಳ್ಮೆಯ ಮೂರ್ತಿ ಅಂದರು. ಮೇಲಿನವರಿಗೆ ಒಂದು ದಿನವೂ ಎದುರಾಡಿದವಳಲ್ಲ ಅಂದರು. ಅಪ್ಪಟ ಸುಳ್ಳು. ಈಗ ಈ ಕೆಲಸಕ್ಕೆ ಸೇರುತ್ತಿರುವ ಹೆಣ್ಣುಮಕ್ಕಳು ಆ ಭಾಷಣ ನಂಬಿಕೊಂಡು ಬಂದರೆ ಕೆಟ್ಟರು ಅಂತಲೇ ಲೆಕ್ಕ. ನಾನು ಎದುರಾಡಿದವಳೇ. ಕೇಳಬೇಕಾದ ಕಡೆ ಕೇಳದೆ ಬಿಟ್ಟದ್ದೂ ಉಂಟು, ಅದರ ನಾಚಿಕೆ ಇವತ್ತಿಗೂ ಹೋಗಿಲ್ಲ. ಎರಡನ್ನೂ ಬರೆಯುತ್ತೇನೆ.

ನನ್ನ ಹೆಸರು ಮಹದೇವಮ್ಮ. ತೌರು ನಂಜನಗೂಡಿನ ಹತ್ತಿರದ ಹದಿನಾರು ಅನ್ನುವ ಊರು. ಅಪ್ಪ ಕೂಲಿ ಮಾಡುತ್ತಿದ್ದರು. ನಡುವಯಸ್ಸಿನಲ್ಲಿ ಮನೆಯ ಗೋಡೆಗೆ ಬುದ್ಧನ ಪಟ ಹಾಕಿ, ಸೋಮವಾರದ ಒಪ್ಪತ್ತು ಬಿಟ್ಟು, ನನ್ನನ್ನು ನರ್ಸ್ ತರಬೇತಿಗೆ ಕಳಿಸಿದರು. ನಂಜನಗೂಡಿನ ಕಡೆ ಹುಟ್ಟಿದವರಿಗೆ ಸೋಮವಾರ ಬಿಡುವುದೆಂದರೆ ಸಣ್ಣ ಮಾತಲ್ಲ. ಅದು ನಂಜುಂಡೇಶ್ವರನ ವಾರ, ಮನೆಗೊಬ್ಬರಾದರೂ ಅವತ್ತು ಒಂದೇ ಹೊತ್ತು ಉಣ್ಣುತ್ತಾರೆ. ಅವ್ವ ಸ್ವಲ್ಪ ಕಾಲ ಅಪ್ಪನಿಗೆ ಕಾಣದ ಹಾಗೆ ಮಾಡಿ, ಆಮೇಲೆ ಅವಳೂ ಬಿಟ್ಟಳು. ನಾನಂತೂ ಹದಿಹರೆಯದಿಂದಲೇ ಸೋಮವಾರ ಮೂರು ಹೊತ್ತೂ ಉಂಡವಳು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಕೆಲಸಕ್ಕೆ ಸೇರಿದಾಗ ನನ್ನ ಹುದ್ದೆಗೆ ಕಿರಿಯ ಆರೋಗ್ಯ ಸಹಾಯಕಿ ಅನ್ನುತ್ತಿದ್ದರು. ಬಿಡುವಾಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂದರು. ಹೆಸರು ಉದ್ದವಾಯಿತು, ಹೆಗಲ ಮೇಲಿನ ಲಸಿಕೆ ಡಬ್ಬಿ ಹಗುರವಾಗಲಿಲ್ಲ. ಗಾಜಿನ ಸಿರಿಂಜನ್ನು ಕುದಿಸಿ ಹತ್ತು ಮಕ್ಕಳಿಗೆ ಚುಚ್ಚಿದ ಕಾಲವೂ ಗೊತ್ತು, ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವ ಸಿರಿಂಜಿನ ಕಾಲವೂ ಗೊತ್ತು. ಊರವರಿಗೆ ಮಾತ್ರ ನಾನು ಮೊದಲಿಂದ ಕೊನೆಯವರೆಗೂ ಸಿಸ್ಟರಮ್ಮನೇ. ಹೆಚ್ಚಿನ ಸರ್ವೀಸೆಲ್ಲ ನಂಜನಗೂಡು ತಾಲ್ಲೂಕಿನಲ್ಲಿ, ಕೊನೆಯ ಕೆಲವು ವರ್ಷ ತಿ. ನರಸೀಪುರದಲ್ಲಿ. ತಿ. ನರಸೀಪುರಕ್ಕೆ ನಾನು ಕೇಳಿ ಹೋದದ್ದಲ್ಲ. ನನ್ನ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಸಾಲೊಂದಿದೆ. ‘ಕರ್ತವ್ಯ ಲೋಪಕ್ಕಾಗಿ ವಾಗ್ದಂಡನೆ.’ ಆ ಸಾಲಿನ ಜೊತೆಗೇ ಬಂದದ್ದು ಆ ವರ್ಗಾವಣೆ. ಶಾಲು ಹೊದಿಸಿದವರು ಯಾರೂ ಅದರ ಸುದ್ದಿ ಎತ್ತಲಿಲ್ಲ. ಅದಕ್ಕೇ ನಾನು ಎತ್ತುತ್ತಿದ್ದೇನೆ.

ನಾನು ಬಿಳಿಗೆರೆ ಕಡೆ ಇದ್ದಾಗ ಹೊರದೇಶದ ಸ್ವಯಂಸೇವಕರು ಬರತೊಡಗಿದರು. ಮೈಸೂರಿನ ಒಂದು ಸಂಸ್ಥೆ ಅವರನ್ನು ಕರೆಸುತ್ತಿತ್ತು. ಬೆಳಿಗ್ಗೆ ನಮ್ಮ ಆರೋಗ್ಯ ಕೇಂದ್ರ, ಮಧ್ಯಾಹ್ನದ ಮೇಲೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಪಾಠ. ಒಂದೂವರೆ ತಿಂಗಳು, ಎರಡು ತಿಂಗಳು ಇದ್ದು ಹೋಗುತ್ತಿದ್ದರು. ಅವರನ್ನು ಸುತ್ತಾಡಿಸುವ ಕೆಲಸ ನನ್ನ ತಲೆಗೆ ಬಂತು. ಕೇಂದ್ರದಲ್ಲಿ ನನ್ನಷ್ಟು ಇಂಗ್ಲಿಷ್ ಬರುತ್ತಿದ್ದವರು ಇರಲಿಲ್ಲ ಅಂತಲ್ಲ. ಬಿಸಿಲಲ್ಲಿ ನಡೆಯಲು ಒಪ್ಪುವವರು ಇರಲಿಲ್ಲ.

ಮೊದಮೊದಲು ಬಂದವರಲ್ಲಿ ಒಬ್ಬ ಎತ್ತರದ ಯುವಕ. ಅವನ ದೇಶದಲ್ಲಿ ಡಾಕ್ಟರ್ ಓದುತ್ತಿದ್ದ, ಎರಡನೆಯ ವರ್ಷ. ಲಸಿಕೆ ದಿನ ನನ್ನ ಪಕ್ಕದಲ್ಲಿ ನಿಂತು, ಮಗುವಿಗೆ ತಾನು ಇಂಜೆಕ್ಷನ್ ಕೊಡಬೇಕು, ಗೆಳೆಯನೊಬ್ಬ ಫೋಟೋ ತೆಗೆಯಬೇಕು ಅಂದ. ನಾನು ಆಗಲ್ಲ ಅಂದೆ. ಅವನು ಹೋಗಿ ನಮ್ಮ ಕೇಂದ್ರದ ಡಾಕ್ಟರಿಗೆ ಹೇಳಿದ. ಅವರು ನನ್ನನ್ನು ಕರೆದು, ಪಾಪ, ಅಷ್ಟು ದೂರದಿಂದ ಬಂದಿದ್ದಾನೆ, ಒಂದೆರಡು ಕೊಡಲಿ ಬಿಡಿ, ನಮ್ಮ ಕೇಂದ್ರಕ್ಕೂ ಒಳ್ಳೆಯ ಹೆಸರು ಅಂದರು. ನಾನು ಆಚೆ ಬಂದು ಯುವಕನನ್ನೇ ಕೇಳಿದೆ. ನಿಮ್ಮೂರ ಆಸ್ಪತ್ರೆಯಲ್ಲಿ ನಿನ್ನ ಕೈಗೆ ಸೂಜಿ ಕೊಡುತ್ತಾರಾ? ಇಲ್ಲ ಅಂದ. ಹಾಗಾದರೆ ಇಲ್ಲಿಯ ಮಕ್ಕಳ ತೊಡೆ ಯಾಕೆ ಬೇಕು ನಿನಗೆ ಅಂದೆ. ಅವನ ಮುಖ ಕೆಂಪಗಾಯಿತು. ನನ್ನ ಮಾತು ಒರಟಾಯಿತು ಅಂತ ಡಾಕ್ಟರು ವಾರಗಟ್ಟಲೆ ಮಾತು ಬಿಟ್ಟರು. ಬಿಡಲಿ. ಸೂಜಿ ನನ್ನ ಕೈ ದಾಟಲಿಲ್ಲ.

ಎಲ್ಲರೂ ಹಾಗೆಯೇ ಅಂತಲ್ಲ. ಇನ್ನೊಮ್ಮೆ ನನಗಿಂತ ಹಿರಿಯ ಹೆಂಗಸೊಬ್ಬರು ಬಂದರು, ತಮ್ಮ ದೇಶದಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿ ನಿವೃತ್ತರಾದವರು. ಹದಿನೈದು ದಿನ ಕೈ ಹಿಂದೆ ಕಟ್ಟಿಕೊಂಡು ನೋಡಿದರು, ಏನನ್ನೂ ಮುಟ್ಟಲಿಲ್ಲ. ಆಮೇಲೆ ಒಂದು ದಿನ, ಹುಟ್ಟಿದ ಕೂಸನ್ನು ಆಗಲೇ ಬಿಸಿನೀರಿಗೆ ಯಾಕೆ ಹಾಕುತ್ತೀರಿ ಅಂತ ಮೆಲ್ಲಗೆ ಕೇಳಿದರು. ಹಿಂದಿನಿಂದ ಹಾಗೆಯೇ ಅಂದೆ. ಅವರು ಕೂಸನ್ನು ಒರೆಸಿ ತಾಯಿಯ ಎದೆಯ ಮೇಲೆ ಬರಿಮೈಯಲ್ಲೇ ಮಲಗಿಸಿ ಸೀರೆ ಹೊದಿಸಿದರು. ಅಳುತ್ತಿದ್ದ ಕೂಸು ಸುಮ್ಮನಾಯಿತು. ತರಬೇತಿಯಲ್ಲಿ ನಮಗೂ ಇದನ್ನು ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಎಷ್ಟು ಕೂಸುಗಳಿಗೆ ಸುಮ್ಮನೆ ಚಳಿ ಹತ್ತಿಸಿದೆನೋ. ಅವತ್ತಿನಿಂದ ಬಿಸಿನೀರಿನ ಹಂಡೆ ಆಚೆಗೇ ಉಳಿಯಿತು, ಬಾಣಂತಿಯರ ಅತ್ತೆಯಂದಿರ ಜೊತೆ ಜಗಳ ಮಾತ್ರ ನನ್ನ ಪಾಲಿಗೆ ಬಂತು.

ಕ್ಲಾರಾ ಬಂದದ್ದು ಇವರಿಬ್ಬರ ನಂತರ. ಡೆನ್ಮಾರ್ಕಿನವಳು, ಶಾಲೆಯಲ್ಲಿ ಮೇಷ್ಟರಾಗಲು ಓದುತ್ತಿದ್ದಳು. ಅವಳು ಪಾಠ ಹೇಳಿದ ಹಳ್ಳಿಯ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ಹುಡುಗಿಯರಲ್ಲಿ ಇಬ್ಬರಿಗೆ ಈಗ ಮದುವೆಯಾಗಿದೆ, ಅವರ ಅತ್ತೆಯರ ಬಾಯಿಗೆ ನಾನೇಕೆ ಎಲೆಅಡಿಕೆ ಕೊಡಲಿ? ಜನರ ಹೆಸರನ್ನೂ ಬದಲಾಯಿಸಿದ್ದೇನೆ, ನನ್ನದೊಂದು ಬಿಟ್ಟು.

ಹಾಲಿನಂಥ ಬಿಳುಪಿನ ಆ ಹುಡುಗಿಯನ್ನು ಊರವರು ಮೂರೇ ದಿನಕ್ಕೆ ಕಾಳಮ್ಮ ಅಂತ ಕರೆಯತೊಡಗಿದರು. ಅವಳು ಓ ಅನ್ನುತ್ತಿದ್ದಳು. ಬಂದ ಹೊಸದರಲ್ಲಿ ಮಕ್ಕಳಿಗೆ ಕೈ ತೊಳೆಯುವ ಹಾಡು ಕಲಿಸಿದಳು. ಮಕ್ಕಳು ಚೆನ್ನಾಗಿ ಕಲಿತು, ಹಾಡಿಕೊಂಡು, ನೀರಿಲ್ಲದ ನಲ್ಲಿಯ ಕೆಳಗೆ ಕೈ ಉಜ್ಜಿದರು. ನಾನು ನಕ್ಕೆ. ಅವಳು ನಗಲಿಲ್ಲ. ಮಾರನೆಯ ದಿನದಿಂದ ಹುಡುಗಿಯರ ಜೊತೆ ಬಿಂದಿಗೆ ಹಿಡಿದು ಬೋರ್‌ವೆಲ್ಲಿನಿಂದ ನೀರು ಹೊತ್ತಳು. ಆವಾಗ ನನಗೆ ಅವಳ ಮೇಲೆ ಪ್ರೀತಿ ಬಂತು.

ಅವಳು ಹೆಚ್ಚು ಹೊತ್ತು ಕೂರುತ್ತಿದ್ದುದು ಶಾಲೆಯ ಅಡುಗೆಮನೆಯಲ್ಲಿ, ಚಿಕ್ಕತಾಯಮ್ಮನ ಜೊತೆ. ಚಿಕ್ಕತಾಯಮ್ಮ ಅಲ್ಲಿಯ ಬಿಸಿಯೂಟದ ಅಡುಗೆಯವಳು, ನಮ್ಮ ಜನವೇ. ಅವಳು ಆ ಕೆಲಸಕ್ಕೆ ಬಂದಾಗ ಕೆಲವು ಮನೆಯ ಮಕ್ಕಳು ಟಿಫನ್ ಡಬ್ಬಿ ತರತೊಡಗಿದ್ದರು. ಅವಳು ಯಾರಿಗೂ ಏನೂ ಅನ್ನಲಿಲ್ಲ. ಅಕ್ಕಿಯಲ್ಲಿ ಒಂದು ಕಲ್ಲು ಉಳಿಸದೆ ಆರಿಸಿದಳು, ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದಳು, ಒಗ್ಗರಣೆಯ ಘಮ ಊರ ಬಾಗಿಲವರೆಗೆ ಹೋಗುವ ಹಾಗೆ ಮಾಡಿದಳು. ಒಂದೆರಡು ವರ್ಷದಲ್ಲಿ ಡಬ್ಬಿಗಳು ಒಂದೊಂದಾಗಿ ನಿಂತವು. ಡಬ್ಬಿ ನಿಂತದ್ದು ಕೆಲವು ಹಿರಿಯರಿಗೆ ನುಂಗಲಾರದ ತುತ್ತಾಗಿತ್ತು. ಅವರು ಒಂದು ನೆಪಕ್ಕೆ ಕಾಯುತ್ತಿದ್ದರು. ಆ ನೆಪವನ್ನು ಕೊಟ್ಟವಳು ನಾನು.

ಶಾಲೆಯ ದೊಡ್ಡ ಹುಡುಗಿಯರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವುದು ನಮ್ಮ ಕೆಲಸ. ನೀಲಿ ಬಣ್ಣದ್ದು. ರಕ್ತ ಕಡಿಮೆ ಇರುವ ಹುಡುಗಿಯರೇ ಜಾಸ್ತಿ, ಹಾಗಾಗಿ ಆ ಮಾತ್ರೆ ಬೇಕೇಬೇಕು. ನಿಯಮ ಸರಳ. ಸೋಮವಾರ ಕೊಡಬೇಕು, ಊಟವಾದ ಮೇಲೆ ಕೊಡಬೇಕು. ಸಿಸ್ಟರೋ ಮೇಷ್ಟರೋ ಎದುರು ನಿಂತು, ಉಂಡೆಯಾ ಅಂತ ಕೇಳಿ ನುಂಗಿಸಬೇಕು. ಖಾಲಿ ಹೊಟ್ಟೆಗೆ ಹೋದರೆ ಆ ಮಾತ್ರೆ ಹೊಟ್ಟೆ ತೊಳಸುತ್ತದೆ, ಕೆಲವರಿಗೆ ವಾಂತಿಯೇ ಆಗುತ್ತದೆ.

ಅದು ಕಾರ್ತಿಕದ ಸೋಮವಾರ. ನಾನು ಮಾತ್ರೆ ಡಬ್ಬಿ ಹಿಡಿದು ಶಾಲೆಗೆ ಹೋಗುವಷ್ಟರಲ್ಲಿ ಪಕ್ಕದ ಊರಿನಿಂದ ಆಶಾ ಕಾರ್ಯಕರ್ತೆಯ ಫೋನ್ ಬಂತು. ತುಂಬು ಬಸುರಿಯೊಬ್ಬಳಿಗೆ ಕಾಲು, ಮುಖ ಊದಿ ಕಣ್ಣು ಮಂಜಾಗುತ್ತಿದೆ ಅಂದಳು. ಅಂಥದ್ದಕ್ಕೆ ಒಂದು ಗಳಿಗೆ ತಡ ಮಾಡುವ ಹಾಗಿಲ್ಲ. ಹೆಡ್‌ಮೇಷ್ಟರು ಮೀಟಿಂಗಿಗೆ ಅಂತ ನಂಜನಗೂಡಿಗೆ ಹೋಗಿದ್ದರು, ಇನ್ನೊಬ್ಬ ಮೇಷ್ಟರು ರಜ. ಡಬ್ಬಿಯನ್ನು ಕ್ಲಾರಾಳ ಕೈಗಿಟ್ಟು, ಊಟದ ಬೆಲ್ಲಾಗಿ ಎಲ್ಲರೂ ತಟ್ಟೆ ತೊಳೆದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಕೊಡು ಅಂದು ಓಡಿದೆ. ಸೂಜಿಯನ್ನು ಕೈ ದಾಟಿಸದವಳು ಅಂತ ಮೆರೆಯುತ್ತಿದ್ದ ನಾನು ಮಾತ್ರೆ ಡಬ್ಬಿಯನ್ನು ಎಷ್ಟು ಸಲೀಸಾಗಿ ದಾಟಿಸಿದೆ ನೋಡಿ. ಮಾತ್ರೆ ತಾನೇ ಅಂದುಕೊಂಡೆ.

ಕ್ಲಾರಾ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಊಟವಾಯಿತು, ತಟ್ಟೆ ತೊಳೆದದ್ದಾಯಿತು, ಹುಡುಗಿಯರು ಸಾಲಾಗಿ ನಿಂತರು, ಕೊಟ್ಟಳು. ಆ ಸಾಲಿನಲ್ಲಿ ಒಂಬತ್ತು ಹುಡುಗಿಯರು ಕಾರ್ತಿಕ ಸೋಮವಾರದ ಒಪ್ಪತ್ತಿನಲ್ಲಿದ್ದರು. ಸಂಜೆ ಪೂಜೆಯಾದ ಮೇಲೆಯೇ ಅವರ ಊಟ. ಬೆಳಗಿನಿಂದ ಹೊಟ್ಟೆಗೆ ನೀರು ಬಿಟ್ಟು ಏನೂ ಬಿದ್ದಿರಲಿಲ್ಲ. ಕಾಳಮ್ಮಕ್ಕ ಕೊಟ್ಟಳು ಅಂತ ಬಾಯಿಗೆ ಹಾಕಿಕೊಂಡರು. ಮಾತ್ರೆ ಊಟವಲ್ಲವಲ್ಲ, ವ್ರತ ಕೆಡುವುದಿಲ್ಲ ಅಂತ ಅವರ ಲೆಕ್ಕ. ದೂರದ ದೇಶದವಳಿಗೆ ಕಾರ್ತಿಕ ಏನು ಗೊತ್ತು, ಒಪ್ಪತ್ತು ಏನು ಗೊತ್ತು? ಗೊತ್ತಿರಬೇಕಾದವಳು ನಾನು. ಹಿಂದಿನ ಎಲ್ಲ ಸೋಮವಾರಗಳಲ್ಲೂ ಉಂಡೆಯಾ ಅಂತ ಕೇಳುವುದು ಬಾಯಿಪಾಠವಾಗಿತ್ತು, ಇಲ್ಲ ಅಂದವರಿಗೆ ನಾಳೆ ತಗೋ ಅನ್ನುತ್ತಿದ್ದೆ. ಯಾಕೆ ಉಂಡಿಲ್ಲ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಮ್ಮ ಮನೆಯಲ್ಲಿ ಸೋಮವಾರ ಬಿಟ್ಟು ಎಷ್ಟೋ ಕಾಲವಾಗಿ, ಊರಿನವರ ಸೋಮವಾರವೇ ನನಗೆ ಮರೆತುಹೋಗಿತ್ತು. ಕ್ಲಾರಾಳಿಗೆ ಕೊಡು ಅಂದೆನೇ ಹೊರತು ಕೇಳಿ ಕೊಡು ಅನ್ನಲಿಲ್ಲ.

ಅರ್ಧ ಗಂಟೆಯೊಳಗೆ ಒಬ್ಬಳು ವಾಂತಿ ಮಾಡಿದಳು. ಅವಳನ್ನು ನೋಡಿ ಇನ್ನೊಬ್ಬಳು. ನಾನು ಬಸುರಿಯನ್ನು ಆಂಬುಲೆನ್ಸಿಗೆ ಹತ್ತಿಸಿ ವಾಪಸ್ಸು ಬರುವಾಗ ಶಾಲೆಯ ಅಂಗಳದ ತುಂಬ ಜನ. ಒಂಬತ್ತು ಹುಡುಗಿಯರೂ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು, ಪಲ್ಲವಿ ಅನ್ನುವವಳು ತಲೆಸುತ್ತಿ ಬಿದ್ದಿದ್ದಳು. ಯಾರೋ ಸಾಂಬಾರಿನ ಪಾತ್ರೆಯನ್ನು ಎತ್ತಿ ಬೇಲಿಯಾಚೆ ಸುರಿದಿದ್ದರು. ಮಕ್ಕಳನ್ನು ತಾಲ್ಲೂಕು ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿ ಗ್ಲೂಕೋಸ್ ಹಾಕಿದರು, ಸಂಜೆಯ ಹೊತ್ತಿಗೆ ಒಂಬತ್ತೂ ಜನ ಎದ್ದು ಕೂತು ಬ್ರೆಡ್ ತಿಂದರು. ಅಲ್ಲಿಗೆ ಮಕ್ಕಳ ಕಥೆ ಮುಗಿಯಿತು. ದೊಡ್ಡವರ ಕಥೆ ಶುರುವಾಯಿತು.

ಊರಿನಲ್ಲಿ ಮಾತು ಆಗಲೇ ಹಬ್ಬಿತ್ತು. ಚಿಕ್ಕತಾಯಮ್ಮನ ಸಾಂಬಾರಿನಲ್ಲಿ ಏನೋ ಬಿದ್ದಿತ್ತು. ಹಲ್ಲಿ ಅಂದರು, ಅಷ್ಟರಲ್ಲೇ ಹಾವಿನ ಮರಿ ಅಂದರು. ಒಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ಸಾಂಬಾರು ಉಂಡ ಮಕ್ಕಳೆಲ್ಲ ಗುಂಡುಕಲ್ಲಿನ ಹಾಗೆ ಇದ್ದರು. ಮಲಗಿದ್ದವರು ಉಣ್ಣದೇ ಇದ್ದವರು. ಹೆಡ್‌ಮೇಷ್ಟರಿಗೆ ಇದು ಹೊಳೆಯದೆ ಇರಲಿಲ್ಲ. ಆದರೆ ಅವರು ಊಟದ ಪುಸ್ತಕದಲ್ಲಿ ದಿನವೂ ಎಲ್ಲ ಮಕ್ಕಳೂ ಉಂಡರು ಅಂತಲೇ ಬರೆಯುತ್ತಿದ್ದರು. ಒಂಬತ್ತು ಜನ ಉಣ್ಣಲಿಲ್ಲ ಅಂದರೆ ಅವರ ಪುಸ್ತಕ ಸುಳ್ಳಾಗುತ್ತಿತ್ತು. ಮೈಸೂರಿನ ಸಂಸ್ಥೆಯವರು ಗಂಟೆಯೊಳಗೆ ಕಾರು ಕಳಿಸಿ ಕ್ಲಾರಾಳನ್ನು ಕರೆಸಿಕೊಂಡರು. ಪರದೇಶದವಳು ಔಷಧಿ ಹಂಚಿದಳು ಅಂತಾದರೆ ಅವರಿಗೂ ನಮ್ಮ ಡಾಕ್ಟರಿಗೂ ತೊಂದರೆ. ಹೀಗೆ ಎಲ್ಲರಿಗೂ ಸಾಂಬಾರೇ ಅನುಕೂಲವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗೆ.

ಮಂಗಳವಾರ ಬೆಳಿಗ್ಗೆ ಚಿಕ್ಕತಾಯಮ್ಮನ ಮನೆಗೆ ಹೋದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು.

“ಅಕ್ಕ, ಅತ್ತು ಸಲ ಮನ್ಸಲ್ಲೇ ನೋಡ್ಕಂಡೆ ಕಣಕ್ಕ. ತೊಗರಿಬ್ಯಾಳೆ ಆರ್ಸಿದ್ದೆ, ಸೊಪ್ಪು ತೊಳ್ದಿದ್ದೆ, ಮುಚ್ಚಳ ಮುಚ್ಚಿದ್ದೆ. ಆದ್ರೂ ಎಲ್ರೂ ಏಳ್ತಾವ್ರಲ್ಲ, ನಂಗೇ ಅನುಮಾನ ಬತ್ತದೆ. ಮಕ್ಕಳ ವೊಟ್ಟೆಗೆ ನಾನೇ ಏನಾರ ಆಕ್ಬುಟ್ನಾ?”

ನನಗೆ ಸಿಟ್ಟು ಬಂದದ್ದು ಆಗ. ಊರು ಅವಳನ್ನು ಬೈದದ್ದಕ್ಕಲ್ಲ. ಅವಳು ತನ್ನನ್ನೇ ಬೈದುಕೊಳ್ಳುವ ಹಾಗೆ ಮಾಡಿದ್ದರಲ್ಲ, ಅದಕ್ಕೆ. ಅವಳ ಆ ಕೆಲಸ ಹೋದರೆ ಬರೀ ಕೆಲಸ ಹೋಗುತ್ತಿರಲಿಲ್ಲ. ಮಕ್ಕಳಿಗೆ ವಿಷ ಇಟ್ಟವಳು ಅನ್ನುವ ಹೆಸರು ಸಾಯುವವರೆಗೂ ಉಳಿಯುತ್ತಿತ್ತು. ಅವಳದ್ದು ಮಾತ್ರವಲ್ಲ, ಆ ಶಾಲೆಯ ಒಲೆಯ ಮುಂದೆ ನಮ್ಮ ಜನ ಯಾರೂ ಮತ್ತೆ ಕೂರುವ ಹಾಗಿರುತ್ತಿರಲಿಲ್ಲ. ನಿನ್ನ ತಪ್ಪಲ್ಲ, ನನ್ನ ತಪ್ಪು ಅಂತ ಅವಳಿಗೆ ಅಲ್ಲೇ ಹೇಳಿದೆ. ಅವಳು ನಂಬಲಿಲ್ಲ. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡಳು.

ಅವತ್ತೇ ಮಧ್ಯಾಹ್ನ ಡಾಕ್ಟರು ಕರೆಸಿದರು. ಅವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ದಿನಕ್ಕೆ ನೂರು ಜನರನ್ನು ನೋಡಿಯೂ ಮುಖ ಸಿಂಡರಿಸದ ಮನುಷ್ಯ. ಆದರೆ ಮೇಲಿನಿಂದ ಫೋನ್ ಬಂದರೆ ಎದ್ದು ನಿಂತು ಮಾತಾಡುವ ಅಭ್ಯಾಸ ಅವರದು. ಮೇಜಿನ ಮೇಲೆ ಟೈಪ್ ಮಾಡಿದ ಹೇಳಿಕೆ ಇತ್ತು. ಮಾತ್ರೆಗಳನ್ನು ನಾನೇ ಖುದ್ದಾಗಿ, ಎಲ್ಲ ಮಕ್ಕಳೂ ಊಟ ಮಾಡಿದ ನಂತರ ಕೊಟ್ಟೆ, ಅಸ್ವಸ್ಥತೆಗೆ ಆಹಾರ ಕಾರಣವಿರಬಹುದು ಅಂತ.

“ಸೈನ್ ಹಾಕಿ ಮಹದೇವಮ್ಮ. ಎಲ್ಲರೂ ಬಚಾವ್ ಆಗ್ತೀವಿ.”

“ಎಲ್ಲರೂ ಅಂದ್ರೆ ಯಾರ್ಯಾರು ಸಾರ್?”

“ನೀವು, ನಾನು, ಹೆಡ್‌ಮೇಷ್ಟ್ರು, ಆ ಹುಡುಗಿ.”

“ಚಿಕ್ಕತಾಯಮ್ಮ?”

ಅವರು ಕನ್ನಡಕ ತೆಗೆದು ಒರೆಸಿದರು. ಅಡುಗೆಗೆ ಇನ್ನೊಬ್ಬರು ಸಿಗುತ್ತಾರೆ, ನಿಮಗೆ ಇನ್ನೂ ಆರು ವರ್ಷ ಸರ್ವೀಸಿದೆ, ಯೋಚನೆ ಮಾಡಿ ಅಂದರು. ನಾನು ಪೆನ್ನು ಮುಟ್ಟದಿದ್ದುದನ್ನು ನೋಡಿ ಕೊನೆಗೆ ಮನಸ್ಸಿನಲ್ಲಿದ್ದುದನ್ನು ಆಡಿದರು.

“ನಿಮ್ಮೋಳು ಅಂತ ತಾನೇ ಇದೆಲ್ಲ?”

“ನಮ್ಮೋಳೇ ಸಾರ್. ಮಾತ್ರೆ ಡಬ್ಬಿನೂ ನಂದೇ.”

ಅವರ ಮೇಜಿನ ಮೇಲಿನ ಬಿಳಿ ಹಾಳೆಯನ್ನೇ ಎಳೆದುಕೊಂಡು ಅಲ್ಲೇ ಕೂತು ಬರೆದೆ. ಮಾತ್ರೆ ಹಂಚುವ ಅಧಿಕಾರವಿಲ್ಲದವರ ಕೈಗೆ ಡಬ್ಬಿ ಕೊಟ್ಟವಳು ನಾನು. ಊಟ ಮಾಡಿದ್ದಾರೆಯೇ ಎಂದು ಕೇಳಿ ಕೊಡಬೇಕೆಂದು ತಿಳಿಸದವಳು ನಾನು. ಒಂಬತ್ತು ಮಕ್ಕಳೂ ಒಪ್ಪತ್ತಿನಲ್ಲಿದ್ದು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದ್ದಾರೆ. ಅಡುಗೆಗೂ ಇದಕ್ಕೂ ಸಂಬಂಧವಿಲ್ಲ. ಸಹಿ ಹಾಕಿ, ನಕಲು ಬರೆದು ಬ್ಯಾಗಿಗೆ ಹಾಕಿಕೊಂಡೆ. ಹೊಸದಾಗಿ ಸೇರುವ ಹುಡುಗಿಯರೇ, ಈ ಕೆಲಸದಲ್ಲಿ ನಕಲು ಇಟ್ಟುಕೊಳ್ಳದೆ ಯಾವ ಹೇಳಿಕೆಯನ್ನೂ ಕೊಡಬೇಡಿ. ಡಾಕ್ಟರು ನನ್ನ ಹಾಳೆಯನ್ನು ಡ್ರಾಯರಿಗೆ ಹಾಕಿದರು. ಅದು ಅಲ್ಲಿಂದ ಆಚೆ ಬರುವುದಿಲ್ಲ ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಬುಧವಾರ ಶಾಲೆಯಲ್ಲಿ ಸಭೆ. ತಾಲ್ಲೂಕಿನಿಂದ ಬಿಸಿಯೂಟದ ಅಧಿಕಾರಿ ಬಂದಿದ್ದರು. ಹೆಡ್‌ಮೇಷ್ಟರು, ಡಾಕ್ಟರು, ಶಾಲಾ ಸಮಿತಿಯ ಅಧ್ಯಕ್ಷ ಮಲ್ಲಪ್ಪ, ಊರಿನ ಅರ್ಧ ಜನ. ಮಲ್ಲಪ್ಪ ಮಠಕ್ಕೆ ನಡೆದುಕೊಳ್ಳುವ ಗೌರವಸ್ಥ, ತಲೆಸುತ್ತಿ ಬಿದ್ದಿದ್ದ ಪಲ್ಲವಿ ಅವರ ಮಗಳು. ಚಿಕ್ಕತಾಯಮ್ಮ ಬಾಗಿಲಾಚೆ ಜಗಲಿಯ ಮೇಲೆ ಕೂತಿದ್ದಳು. ಅವಳ ಪಕ್ಕದಲ್ಲಿ ಇನ್ನೊಬ್ಬಳೂ ಕೂತಿದ್ದಳು, ಕ್ಲಾರಾ. ಸಂಸ್ಥೆಯವರು ಹೋಗಬೇಡ ಅಂದರೂ ಕೇಳದೆ ಮೈಸೂರಿನಿಂದ ಬಸ್ಸು ಹಿಡಿದು ಒಬ್ಬಳೇ ಬಂದಿದ್ದಳು. ಇಬ್ಬರೂ ಕೈ ಹಿಡಿದುಕೊಂಡಿದ್ದರು. ಅವಳಿಗೆ ಇವಳ ಮಾತು ಬಾರದು, ಇವಳಿಗೆ ಅವಳದು.

ಅಧಿಕಾರಿ ಹೇಳಿಕೆಗಳನ್ನು ಓದಿದರು. ನನ್ನದು ಅದರಲ್ಲಿ ಇರಲಿಲ್ಲ. ಅಡುಗೆಯವರನ್ನು ಬದಲಾಯಿಸುವುದು ಅಂತ ಬರೆದುಕೊಳ್ಳಲು ಹೊರಟಾಗ ನಾನು ಎದ್ದು ಬ್ಯಾಗಿನಿಂದ ನಕಲು ತೆಗೆದು ಜೋರಾಗಿ ಓದಿದೆ. ಗದ್ದಲವಾಯಿತು. ತನ್ನ ಜಾತಿಯವಳನ್ನು ಉಳಿಸಲು ಕಥೆ ಕಟ್ಟುತ್ತಾಳೆ ಅಂದರು ಒಬ್ಬರು. ಊಟದ ಪುಸ್ತಕದಲ್ಲಿ ಎಲ್ಲರೂ ಉಂಡಿದ್ದಾರೆ ಅಂತಿದೆಯಲ್ಲ ಅಂದರು ಅಧಿಕಾರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹೆಡ್‌ಮೇಷ್ಟರು ಆಗಲೇ ಪುಸ್ತಕವನ್ನು ಎದೆಗವಚಿಕೊಂಡಿದ್ದರು.

ಅಷ್ಟರಲ್ಲಿ ಕ್ಲಾರಾ ಬಾಗಿಲಿಗೆ ಬಂದಳು. ನಾನು ಕೊಟ್ಟೆ, ಮಾತ್ರೆ ನಾನು ಕೊಟ್ಟೆ ಅಂತ ಮಕ್ಕಳಿಂದ ಕಲಿತ ಕನ್ನಡದಲ್ಲಿ ಎರಡು ಸಲ ಹೇಳಿದಳು. ಡಾಕ್ಟರು ನೆಲ ನೋಡಿದರು. ನಾನು ಅವಳನ್ನು ಕೂರಲು ಹೇಳಿದೆ. ಅವಳ ತಲೆಯ ಮೇಲೆ ತಪ್ಪು ಹೊರಿಸಿ ವಿಮಾನ ಹತ್ತಿಸಿದರೂ ಚಿಕ್ಕತಾಯಮ್ಮನ ಹೆಸರು ಚೊಕ್ಕಟವಾಗುತ್ತಿರಲಿಲ್ಲ. ಮಕ್ಕಳು ಉಂಡಿರಲಿಲ್ಲ ಅನ್ನುವುದು ಆ ಸಭೆಯಲ್ಲಿ ಇತ್ಯರ್ಥವಾಗಬೇಕಿತ್ತು.

ಪಲ್ಲವಿ ಅಪ್ಪನ ಹಿಂದೆ ನಿಂತಿದ್ದಳು. ಚಿಕ್ಕ ಹುಡುಗಿಯನ್ನು ತುಂಬಿದ ಸಭೆಯಲ್ಲಿ ಕೇಳುವುದು ಸರಿಯೋ ತಪ್ಪೋ ಅಂತ ಇವತ್ತಿಗೂ ನನಗೆ ಅಳುಕಿದೆ. ಆದರೂ ಕೇಳಿದೆ.

“ಪಲ್ಲವಿ, ಸೋಮವಾರ ಶಾಲೇಲಿ ಉಂಡಿದ್ದಾ ನೀನು?”

ಅವಳು ಅಪ್ಪನ ಮುಖ ನೋಡಿದಳು. ಆಗ ನಾನು ಮಲ್ಲಪ್ಪನವರ ಕಡೆಗೇ ತಿರುಗಿದೆ. ಅಣ್ಣ, ಅವಳು ಉಂಡಿದ್ದರೆ ಉಂಡಿದ್ದಾಳೆ ಅಂತ ನೀವೇ ಹೇಳಿಬಿಡಿ, ನಾನು ಈಗಲೇ ನನ್ನ ಕಾಗದ ಹರಿದು ಹಾಕುತ್ತೇನೆ, ಕಾರ್ತಿಕ ಸೋಮವಾರ ನಿಮ್ಮ ಮನೆಯ ಮಗಳು ಮಧ್ಯಾಹ್ನ ಉಂಡಿದ್ದಳಾ ಅಂದೆ.

ಮಲ್ಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅಡುಗೆಯವಳನ್ನು ತೆಗೆಯಬೇಕು ಅಂತ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಅವರೇ. ಈಗ ಅವಳನ್ನು ತೆಗೆಯಬೇಕಾದರೆ ಮಗಳು ವ್ರತ ಕೆಡಿಸಿದಳು ಅಂತ ನಂಜುಂಡನ ಹೆಸರಿನಲ್ಲಿ ಸುಳ್ಳು ಹೇಳಬೇಕಿತ್ತು.

“ನಂಜುಂಡಪ್ಪನ್ ಸೋಮಾರ ಕಣವ್ವ,” ಅಂದರು. “ಉಂಡವ್ಳೆ ಅಂತ ನಾನೆಂಗ್ ಏಳ್ಲಿ? ಉಂಡಿರ್ನಿಲ್ಲ.”

ಅವರ ಹಿಂದೆಯೇ ಇನ್ನೊಬ್ಬ ಹುಡುಗಿಯ ತಾಯಿ ಎದ್ದು ನಮ್ಮವಳೂ ಉಂಡಿರಲಿಲ್ಲ ಅಂದಳು. ಆಮೇಲೆ ಮತ್ತೊಬ್ಬಳು. ಒಂಬತ್ತು ಮನೆಯವರಲ್ಲಿ ಒಬ್ಬರೂ ಬೇರೆ ಹೇಳಲಿಲ್ಲ. ಮಲ್ಲಪ್ಪ ಚಿಕ್ಕತಾಯಮ್ಮನ ಕ್ಷಮೆ ಕೇಳಿದರು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಕೇಳಲಿಲ್ಲ. ಚಪ್ಪಲಿ ಹಾಕಿಕೊಂಡು ಅವಳ ಮುಂದೆಯೇ ಹೋದರು. ಆದರೆ ಅಧಿಕಾರಿ ಬರೆದುಕೊಂಡಿದ್ದ ಸಾಲನ್ನು ಹೊಡೆದುಹಾಕಿದರು. ನಾನು ಜಗಲಿಗೆ ಬಂದಾಗ ಚಿಕ್ಕತಾಯಮ್ಮ ಕೇಳಿದ್ದು ಒಂದೇ ಮಾತು. ಆಗಿದ್ರೆ ನನ್ ಸಾಂಬಾರು ಸರಿಯಾಗೇ ಇತ್ತಾ ಅಕ್ಕ, ಅಂದಳು. ಸರಿಯಾಗೇ ಇತ್ತು ಅಂದೆ. ಆವಾಗ ಅತ್ತಳು. ನಾನೂ ಅತ್ತೆ.

ಮುಂದಿನದು ಗೊತ್ತೇ ಇದೆ. ನನಗೆ ನೋಟಿಸ್ ಬಂತು, ವಿಚಾರಣೆಯಾಯಿತು, ಕೆಂಪು ಸಾಲು ಬಿತ್ತು, ತಿ. ನರಸೀಪುರ ತಾಲ್ಲೂಕಿಗೆ ಎತ್ತಿಹಾಕಿದರು. ಶಿಕ್ಷೆ ಅನ್ಯಾಯ ಅಂತ ನಾನು ಎಲ್ಲಿಯೂ ಹೇಳಿಲ್ಲ. ತಪ್ಪು ನನ್ನದೇ, ಮಕ್ಕಳು ನರಳಿದ್ದು ನಿಜ. ಅನ್ಯಾಯ ಯಾವುದೆಂದರೆ, ಡ್ರಾಯರಿನಲ್ಲಿ ನನ್ನ ಹಾಳೆ ಇಟ್ಟುಕೊಂಡವರಿಗೂ ಊಟದ ಪುಸ್ತಕ ಬರೆದವರಿಗೂ ಏನೂ ಆಗಲಿಲ್ಲ. ಕ್ಲಾರಾಳನ್ನು ಅವಧಿಗೆ ಮುಂಚೆಯೇ ಊರಿಗೆ ಕಳಿಸಿದರು. ಹೋಗುವ ಮುಂಚೆ ಬಂದು ನನ್ನ ಮುಂದೆ ಕೂತು, ಗೊತ್ತಿಲ್ಲದ ಊರಿನಲ್ಲಿ ಒಳ್ಳೆಯದು ಮಾಡಲು ಬರಬಾರದಿತ್ತಾ ನಾನು ಅಂತ ಕೇಳಿದಳು. ಬರಬಾರದು ಅಂತಲ್ಲ, ಕೇಳದೆ ಕೊಡಬಾರದು, ಅದು ನಿನಗಿಂತ ಮೊದಲು ನನಗೆ ಅನ್ವಯಿಸುತ್ತದೆ ಅಂದೆ.

ತಿ. ನರಸೀಪುರದಲ್ಲಿ ನನ್ನ ಪಾಲಿಗೆ ಬಂದ ಶಾಲೆಗಳಲ್ಲಿ ಮಾತ್ರೆ ದಿನವನ್ನು ಮಂಗಳವಾರಕ್ಕೆ ಹಾಕಿದೆ. ಕದ್ದು ಮುಚ್ಚಿ ಅಲ್ಲ, ರಿಜಿಸ್ಟರಿನಲ್ಲಿ ಮಂಗಳವಾರ ಅಂತಲೇ ಬರೆದೆ. ಮೇಲ್ವಿಚಾರಕಿ ಬಂದು ಸುತ್ತೋಲೆ ತೋರಿಸಿ ಸೋಮವಾರ ಅಂತಿದೆಯಲ್ಲ ಅಂದರು. ಸುತ್ತೋಲೆ ಬರೆದವರಿಗೆ ಸೋಮವಾರ ಹಸಿವಾಗುವುದಿಲ್ಲ, ನಮ್ಮ ಹುಡುಗಿಯರಿಗೆ ಆಗುತ್ತದೆ ಅಂದೆ. ಅವರು ಏನೋ ಗೊಣಗಿ ಸಹಿ ಹಾಕಿ ಹೋದರು. ಒಂದೊಂದು ಹುಡುಗಿಯನ್ನೂ ಎದುರು ನಿಲ್ಲಿಸಿಕೊಂಡು, ಬೆಳಿಗ್ಗೆ ಏನು ತಿಂದೆ, ಮಧ್ಯಾಹ್ನ ಏನು ಉಂಡೆ ಅಂತ ಕೇಳಿಯೇ ಕೊಟ್ಟೆ. ಹಾಗೆ ಕೇಳತೊಡಗಿದ ಮೇಲೆ ಮನೆಯಲ್ಲಿ ಬೆಳಿಗ್ಗೆ ಏನೂ ಸಿಗದ ಮಕ್ಕಳು ಎಷ್ಟು ಅಂತಲೂ ತಿಳಿಯಿತು. ಅಷ್ಟು ವರ್ಷ ಮಾತ್ರೆ ಹಂಚಿದವಳಿಗೆ ಅದು ತಿಳಿದಿರಲಿಲ್ಲ.

ನಿವೃತ್ತಿಗೆ ಕೆಲವು ತಿಂಗಳಿರುವಾಗ ಪಿಂಚಣಿ ಕಾಗದಗಳಿಗಾಗಿ ಸೇವಾ ಪುಸ್ತಕ ತೆಗೆಸಿದರು. ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಮೇಲೆ ಅಭಿಮಾನ. ಕೆಂಪು ಸಾಲು ನೋಡಿ ಬೇಜಾರು ಮಾಡಿಕೊಂಡರು. ಒಂದು ಮನವಿ ಬರೆದುಕೊಡಿ, ನಾನು ಶಿಫಾರಸು ಮಾಡುತ್ತೇನೆ, ಇದನ್ನು ತೆಗೆಸಿಬಿಡೋಣ, ಇಷ್ಟು ವರ್ಷ ದುಡಿದವರು ಚೊಕ್ಕಟವಾದ ಪುಸ್ತಕದೊಂದಿಗೆ ಮನೆಗೆ ಹೋಗಿ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

“ಬೇಡ ಮೇಡಂ,” ಅಂದೆ. “ಆ ಸಾಲು ಅಲ್ಲಿರೋವರೆಗೂ ತಪ್ಪು ನಂದು. ಅದನ್ನ ಅಳಿಸಿದ್ರೆ ತಪ್ಪು ಎಲ್ಲಿಗೆ ಹೋಗುತ್ತೆ ಹೇಳಿ? ವಾಪಸ್ ಅಡುಗೆಮನೆಗೇ ಹೋಗುತ್ತೆ.”

ಅವರು ಪುಸ್ತಕ ಮುಚ್ಚಿದರು. ಚಿಕ್ಕತಾಯಮ್ಮ ಇವತ್ತಿಗೂ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಾಳೆ.